ಸ್ಟ್ರಾಟ್ ಗಿಟಾರಿಗೆ ಯಾವ ಪಿಕಪ್? ಹಳೇ ಸೆರಾಮಿಕ್, ಆಲ್ನಿಕೋ, ರೈಲ್ ಹೋಲಿಕೆ

ಮಳೆ ಹಿಡಿದು, ಕರೆಂಟು ಹೋಗಿ, ಮನೆಯಿಡೀ ಇನ್ವರ್ಟರ್ ಮೇಲೆ ನಡೆಯುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ ಕಡೆ ಸಿಂಗಲ್ ಕಾಯಿಲ್ ಗಿಟಾರಿನ (ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಪಿಕಪ್‌ನಲ್ಲಿ ಒಂದೇ ಸುರುಳಿ ಇರುವ ಗಿಟಾರಿನ) ನಿಜವಾದ ಪರೀಕ್ಷೆ ಶುರುವಾಗುತ್ತದೆ. ಹಾಗಾಗಿ ಇಲ್ಲಿ ನಾದಕ್ಕೆ ಕೊಟ್ಟಷ್ಟೇ ತೂಕವನ್ನು ಗದ್ದಲಕ್ಕೂ ಕೊಟ್ಟಿದೆ. ಗಿಟಾರು ಒಂದೇ, ಕಡಿಮೆ ಬೆಲೆಯ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮಾದರಿ, ತಂತಿ 9–42ರ ದಪ್ಪದ್ದು, ಆಂಪ್ ಕೂಡ ಅದೇ.

ಗದ್ದಲದಲ್ಲಿ ಎರಡು ಜಾತಿ. ತಂತಿಗೆ ಕೈ ತಾಗಿಸಿದರೆ ಕಡಿಮೆಯಾಗುವ ಚರಚರ ಸದ್ದು ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬುಗಳ ಕಡೆಯದು. ಒಳಗೆ ತಾಮ್ರದ ಟೇಪು ಅಂಟಿಸಿದರೆ ತಗ್ಗುತ್ತದೆ. ಗಿಟಾರು ಹಿಡಿದು ನಿಂತಲ್ಲೇ ತಿರುಗಿದರೆ ಏರಿಳಿಯುವ ಗುಂಯ್ ಸದ್ದು ಇನ್ವರ್ಟರ್‌ನಂಥವುಗಳ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ್ದು. ಅದಕ್ಕೆ ತಾಮ್ರ ಏನೂ ಮಾಡಲಾರದು. ಒಂದು ಸುರುಳಿಯ ಗುಂಯ್ಯನ್ನು ಇನ್ನೊಂದು ಕಳೆಯುವ ಎರಡು ಸುರುಳಿಯ ಪಿಕಪ್, ಅಂದರೆ ಹಂಬಕರ್ರೇ ಬೇಕು. (ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ ಪಿಕಪ್ ಮಾತು ಬದಿಗಿಟ್ಟು ಮೊದಲು ಮನೆಯ ಅರ್ಥಿಂಗ್ ನೋಡಿಸಿ.)

ಮೊದಲ ದಾರಿ: ಹಳೇ ಸೆರಾಮಿಕ್ ಕಾಂತದ ಪಿಕಪ್‌ಗಳನ್ನೇ ಇಟ್ಟು ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ), ಸ್ವಿಚ್, ಜಾಕ್ ಬದಲಿಸಿ ಟೇಪು ಹಾಕುವುದು. ಚರಚರ ಬಹುಮಟ್ಟಿಗೆ ಹೋಯಿತು, ಗುಂಯ್ ಹಾಗೇ ಉಳಿಯಿತು. ನಾದ ಸ್ವಲ್ಪ ಒರಟು, ಆದರೆ ಡಿಸ್ಟಾರ್ಷನ್ ಹಾಕಿ ನುಡಿಸುವವರಿಗೆ ಇಷ್ಟೇ ಸಾಕಾದೀತು. ಖರ್ಚು ತೀರಾ ಕಡಿಮೆ.

ಎರಡನೆಯದು ಆಲ್ನಿಕೋ 5ರ ಮೂರು ಪಿಕಪ್. ಸೆರಾಮಿಕ್‌ನಲ್ಲಿ ಕಾಂತದ ಪಟ್ಟಿ ಅಡಿಯಲ್ಲಿರುತ್ತದೆ, ಮೇಲಿನ ಕಂಬಗಳು ಬರೀ ಉಕ್ಕು. ಆಲ್ನಿಕೋದಲ್ಲಿ ಕಂಬಗಳೇ ಕಾಂತ. ವ್ಯತ್ಯಾಸ ಕಿವಿಗೆ ಬೀಳುವುದು ಗಿಟಾರಿನ ಕತ್ತಿನ ಕಡೆಯ ನೆಕ್ ಪಿಕಪ್ಪಿನಲ್ಲಿ: ಮೀಟುವ ಬಿರುಸು ಹೆಚ್ಚುಕಡಿಮೆಯಾದದ್ದೆಲ್ಲ ಬಿಡಿಯಾಗಿ ಕೇಳುತ್ತದೆ. ಕ್ಲೀನ್ ನಾದಕ್ಕೆ ಇದನ್ನು ಮೀರಿಸಿದ್ದು ಈ ಮೂರರಲ್ಲಿ ಇಲ್ಲ. ನಡುವಿನದು ಉಲ್ಟಾ ಸುತ್ತು, ಉಲ್ಟಾ ಧ್ರುವದ್ದಾಗಿದ್ದರೆ ಎರಡು ಪಿಕಪ್ ಒಟ್ಟಿಗೆ ನುಡಿಯುವ ಸ್ವಿಚ್ಚಿನ 2 ಮತ್ತು 4ನೇ ಸ್ಥಾನದಲ್ಲಿ ಗುಂಯ್ ಕೂಡ ಇಲ್ಲ; ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ. ಪಿಕಪ್ಪಿನ ಎತ್ತರದಲ್ಲಿ ಎಚ್ಚರ ಬೇಕು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಕಂಬದಿಂದ ದಪ್ಪ ತಂತಿಗೆ 2.4, ಸಣ್ಣ ತಂತಿಗೆ 2 ಮಿ.ಮೀ. ಅಂತರವಿರಲಿ. ಹತ್ತಿರವಾದರೆ ಕಾಂತ ತಂತಿಯನ್ನು ಎಳೆದು, 12ನೇ ಫ್ರೆಟ್ಟಿನ ಮೇಲೆ ಸ್ವರ ತೂರಾಡುತ್ತದೆ, ಇಂಟೊನೇಷನ್ (ಎಲ್ಲ ಫ್ರೆಟ್ಟಿನಲ್ಲೂ ಶ್ರುತಿ) ಕೂರುವುದೇ ಇಲ್ಲ.

ಮೂರನೆಯದು, ತಂತಿ ಕೂರುವ ಬ್ರಿಡ್ಜ್ ಕಡೆ ಮಾತ್ರ ಸಿಂಗಲ್ ಕಾಯಿಲ್ ಅಳತೆಯ ರೈಲ್ ಹಂಬಕರ್ (ಕಂಬಗಳ ಬದಲು ಉದ್ದ ಪಟ್ಟಿ ಇರುವುದು), ಉಳಿದೆರಡು ಆಲ್ನಿಕೋ. ಇನ್ವರ್ಟರ್ ಇರುವ ಮನೆಗೆ ನಮ್ಮ ಓಟು ಇದಕ್ಕೆ. ಬ್ರಿಡ್ಜ್ ಸ್ಥಾನ ನಿಶ್ಶಬ್ದ, ದಪ್ಪ ನಾದ. ಬೆಲೆ ತೆರುವುದು 2ನೇ ಸ್ಥಾನದಲ್ಲಿ: ಪೂರ್ತಿ ಹಂಬಕರಿಗೆ ನಡುವಿನ ಸಿಂಗಲ್ ಸೇರಿ ಆ ಟೊಳ್ಳು ಸೊಗಸು ಹೋಗುತ್ತದೆ, ಗುಂಯ್ ವಾಪಸ್ ಬರುತ್ತದೆ.

ವೈರಿಂಗ್‌ನಲ್ಲಿ ಬಣ್ಣ ನಂಬಬೇಡಿ, ಪಿಕಪ್ ಕಂಪನಿಗೊಂದು ರೀತಿ. ಸೆಮೋರ್ ಡಂಕನ್‌ನಲ್ಲಿ ಕಪ್ಪು ಸ್ವಿಚ್ಚಿಗೆ, ಹಸಿರು ಮತ್ತು ಬರಿ ವೈರು ಗ್ರೌಂಡಿಗೆ, ಕೆಂಪು–ಬಿಳಿ ಒಟ್ಟಿಗೆ ಬೆಸೆದು ಟೇಪು. ಡಿಮಾರ್ಜಿಯೋದಲ್ಲಿ ಸ್ವಿಚ್ಚಿಗೆ ಹೋಗುವುದು ಕೆಂಪು, ಒಟ್ಟಿಗೆ ಬೆಸೆಯುವುದು ಕಪ್ಪು–ಬಿಳಿ. 2ನೇ ಸ್ಥಾನದಲ್ಲಿ ಸದ್ದು ತೆಳ್ಳಗಾಗಿ ಮೂಗಿನಿಂದ ಬಂದಂತಿದ್ದರೆ ಫೇಸ್ ಉಲ್ಟಾ, ಒಂದು ಪಿಕಪ್ಪಿನ ನಾದವನ್ನು ಇನ್ನೊಂದು ಕಳೆಯುತ್ತಿದೆ. ರೈಲಿನ ಸ್ವಿಚ್ ವೈರು, ಹಸಿರು ವೈರು ಅದಲುಬದಲು ಮಾಡಿ, ಬರಿ ವೈರು ಮಾತ್ರ ಗ್ರೌಂಡಿನಲ್ಲೇ ಇರಲಿ. ಪಾಟ್ 250 ಕಿಲೋ ಓಮ್‌ನದೇ ಇರಲಿ. 500 ಹಾಕಿದರೆ ರೈಲಿನ ನಾದ ತೆರೆದುಕೊಳ್ಳುತ್ತದೆ, ಆದರೆ ಸಿಂಗಲ್‌ಗಳು ಕಿವಿ ಚುಚ್ಚುತ್ತವೆ. ಟೋನ್ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್.

ದೊಡ್ಡ ಪಾಟ್‌ಗೆ 9.5 ಮಿ.ಮೀ. ತೂತು ಬೇಕು. ಡ್ರಿಲ್ ಹಾಕಿದರೆ ಪಿಕ್‌ಗಾರ್ಡ್ ಸೀಳಬಹುದು, ದುಂಡು ಅರದಿಂದ ಉಜ್ಜಿ ಹಿಗ್ಗಿಸಿ.

ಹೆಚ್ಚು ಕೆಲಸ ಕೆಡುವುದು ಪಾಟ್‌ನ ಬೆನ್ನಿನ ಬೆಸುಗೆಯಲ್ಲಿ. 25 ವ್ಯಾಟಿನ ಸೋಲ್ಡರಿಂಗ್ ಐರನ್ನಿಗೆ ಆ ಲೋಹ ಕಾಯುವುದಿಲ್ಲ. ಒತ್ತಿ ಹಿಡಿದೇ ಇದ್ದರೆ ಒಳಗಿನ ಕಾರ್ಬನ್ ಸುಡುತ್ತದೆ, ಸೀಸ ಮಾತ್ರ ಗುಂಡಾಗಿ ಕೂತು ಆಮೇಲೆ ಕಳಚುತ್ತದೆ. ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, 60 ವ್ಯಾಟಿನ ಅಗಲ ಮೂತಿಯ ಐರನ್‌ನಿಂದ ಮೂರು ನಾಲ್ಕು ಸೆಕೆಂಡಿನಲ್ಲಿ ಮೊದಲು ಸೀಸ ಹಚ್ಚಿ, ಆಮೇಲೆ ವೈರು ಕೂರಿಸಿ. ಸ್ವಿಚ್ಚಿನ ಕಾಲುಗಳಿಗೆ ಮಾತ್ರ 25 ವ್ಯಾಟಿನದೇ ಸರಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ.

ತಂತಿ ಕಟ್ಟುವ ಮೊದಲೇ ಆಂಪ್‌ಗೆ ಸಿಕ್ಕಿಸಿ, ಸ್ಕ್ರೂಡ್ರೈವರಿನಿಂದ ಒಂದೊಂದು ಪಿಕಪ್ಪನ್ನೂ ಮೆಲ್ಲಗೆ ತಟ್ಟಿ. ಯಾವುದೂ ಕೇಳದಿದ್ದರೆ ಜಾಕಿನ ಹಾಟ್ ಕಾಲು (ಸಿಗ್ನಲ್ ಹೋಗುವ ಕಾಲು) ತಾಮ್ರದ ಟೇಪಿಗೆ ತಾಗಿದೆಯೇ ನೋಡಿ. ಅಲ್ಲಿ ಒಂದು ತುಂಡು ಇನ್ಸುಲೇಷನ್ ಟೇಪು ಹಾಕಿದರೆ ಮುಗಿಯಿತು.