ಕಡಿಮೆ ಖರ್ಚಿನ ಪುಟ್ಟ 5.1 ಸ್ಪೀಕರ್ ಸೆಟ್: ಮೂರು ತಿಂಗಳ ಬಳಕೆಯ ನಂತರ

ಹಳೆಯ ಹೋಮ್ ಥಿಯೇಟರ್ ತೆಗೆದು, ಅದರ ಜಾಗದಲ್ಲಿ ಐದು ಪುಟ್ಟ ಸ್ಪೀಕರ್‌ಗಳೂ ಬೇಸ್, ಅಂದರೆ ತಗ್ಗು ಸ್ವರಗಳನ್ನು ನುಡಿಸುವ ಒಂದು ಸಬ್‌ವೂಫರೂ ಇರುವ 5.1 ಸೆಟ್ಟನ್ನು ಜೋಡಿಸಿ ಮೂರು ತಿಂಗಳಾಯಿತು. ಮೊದಲ ವಾರವೇ ವಿಮರ್ಶೆ ಬರೆಯಲು ಕುಳಿತಿದ್ದರೆ ಇದನ್ನು ಕೊಳ್ಳಬೇಡಿ ಎಂದು ಖಂಡಿತವಾಗಿ ಬರೆಯುತ್ತಿದ್ದೆ. ಈಗಲೂ ಸ್ಪೀಕರ್‌ಗಳು ಅವೇ, ಅವುಗಳಿಗೆ ಸದ್ದು ಹಂಚುವ ರಿಸೀವರ್ ಅದೇ, ಕೋಣೆಯೂ ಅದೇ. ಸದ್ದು ಮಾತ್ರ ಗುರುತು ಸಿಗದಷ್ಟು ಬದಲಾಗಿದೆ. ಈ ನಡುವೆ ನಾನು ಹೊಸದಾಗಿ ಏನನ್ನೂ ಕೊಳ್ಳಲಿಲ್ಲ. ಪುಟ್ಟ ಪೆಟ್ಟಿಗೆಗಳಿಂದ ಯಾವ ಕೆಲಸ ಆಗುವುದಿಲ್ಲವೋ ಆ ಕೆಲಸವನ್ನು ಅವುಗಳಿಂದ ಬಿಡಿಸಿದೆ, ಅಷ್ಟೇ. ಸೆಟ್ಟಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಇಂಥ ಸೆಟ್ಟುಗಳ ಹೆಸರು ಆಗಾಗ ಬದಲಾಗುತ್ತಿರುತ್ತದೆ, ಆದರೆ ಸ್ಪೀಕರಿನಲ್ಲಿ ಅಲುಗಿ ಸದ್ದು ಹುಟ್ಟಿಸುವ ಮೂರು ಇಂಚಿನ ಕೋನ್ ಯಾರು ತಯಾರಿಸಿದರೂ ಮೂರು ಇಂಚೇ.

ಹಳೆಯದು ಡಿವಿಡಿ ಪ್ಲೇಯರು, ಆಂಪ್ಲಿಫೈಯರು, ಸ್ಪೀಕರು ಎಲ್ಲವನ್ನೂ ಒಂದೇ ಡಬ್ಬದಲ್ಲಿ ಕೊಡುವ ಬಗೆಯದು. ಅದರ ಸ್ಪೀಕರ್‌ಗಳು ತೆಳು ಪ್ಲಾಸ್ಟಿಕ್ಕಿನವು, ಒಂದೊಂದರಲ್ಲಿ ಸದ್ದು ಹೊರಡಿಸುವ ಒಂದೇ ಡ್ರೈವರ್, ಮೇಲಿನ ಸ್ವರಗಳಿಗೆಂದು ಪ್ರತ್ಯೇಕ ಟ್ವೀಟರ್ ಇಲ್ಲ. ಅವುಗಳ ರೋಧ 3 ಓಮ್, ವೈರಿನ ತುದಿಯಲ್ಲಿ ಆ ಕಂಪನಿಯದೇ ಆದ ಪ್ಲಗ್ಗು; ಹಾಗಾಗಿ ಆಂಪ್ಲಿಫೈಯರ್ ಕೆಟ್ಟ ದಿನ ಸ್ಪೀಕರ್‌ಗಳನ್ನು ಬೇರೆ ರಿಸೀವರಿಗೆ ಜೋಡಿಸುವ ದಾರಿಯೂ ಇರಲಿಲ್ಲ. ಡಬ್ಬದ ಮೇಲೆ ಪಿಎಂಪಿಒ ಎಂಬ ಜಾಹೀರಾತಿನ ಲೆಕ್ಕದಲ್ಲಿ ಸಾವಿರಾರು ವಾಟ್ ಎಂದು ಅಚ್ಚಾಗಿತ್ತು, ಅದು ಯಾವ ಅಳತೆಗೂ ಸಿಗದ ಸಂಖ್ಯೆ. ಈ ಸಲ ಬಿಡಿಬಿಡಿಯಾಗಿ ಕೊಳ್ಳುವುದೆಂದು ತೀರ್ಮಾನಿಸಿದೆ. ರಿಸೀವರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಅದು 4ಕೆ ಚಿತ್ರವನ್ನು ದಾಟಿಸುವುದಿಲ್ಲ, ಅದರಿಂದ ನನಗೇನೂ ತೊಂದರೆಯಿಲ್ಲ. ಚಿತ್ರ ನೇರವಾಗಿ ಟಿವಿಗೆ ಹೋಗುತ್ತದೆ, ಸದ್ದು ಮಾತ್ರ ಟಿವಿಯಿಂದ ಎಆರ್‌ಸಿ (ಎಚ್‌ಡಿಎಂಐ ಕೇಬಲ್ಲಿನಲ್ಲೇ ಸದ್ದನ್ನು ವಾಪಸು ಕಳುಹಿಸುವ ಸೌಲಭ್ಯ) ಮೂಲಕ ರಿಸೀವರಿಗೆ ಬರುತ್ತದೆ. ಎಚ್‌ಡಿಎಂಐ 1.4 ಬಂದ 2009ರಿಂದಲೂ ಈ ಸೌಲಭ್ಯವಿದೆ. ಅದು ಇಲ್ಲದ ರಿಸೀವರಾದರೆ ಆಪ್ಟಿಕಲ್ ಕೇಬಲ್ ಸಾಕು, ಡಾಲ್ಬಿ ಡಿಜಿಟಲ್ 5.1 ಅದರಲ್ಲೂ ಬರುತ್ತದೆ. ಹೀಗೆ ಉಳಿದ ಹಣವೆಲ್ಲ ಸ್ಪೀಕರಿಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ.

ಸೆಟ್ಟಿನಲ್ಲಿ ಒಂದೇ ಅಚ್ಚಿನ ನಾಲ್ಕು ಸ್ಯಾಟಲೈಟ್‌ಗಳು (ಮುಂದೆ ಹಿಂದೆ ಎಡಬಲಗಳಲ್ಲಿ ಇಡುವ ಪುಟ್ಟ ಸ್ಪೀಕರ್‌ಗಳು), ಟಿವಿಯ ಬಳಿ ನಡುವೆ ಅಡ್ಡಲಾಗಿ ಮಲಗಿಸುವ ಒಂದು ಸೆಂಟರ್, ಎಂಟು ಇಂಚಿನ ಕೋನ್ ಇರುವ ಒಂದು ಸಬ್‌ವೂಫರ್ ಇವೆ. ಸ್ಯಾಟಲೈಟಿನ ಎತ್ತರ ಒಂದು ಗೇಣಿಗಿಂತ ಕಡಿಮೆ. ಕೆಳಗಿನ ಸ್ವರಗಳಿಗೆಂದಿರುವ ಮೂರು ಇಂಚಿನ ವೂಫರಿನ ಮೇಲ್ಗಡೆ ಮುಕ್ಕಾಲು ಇಂಚಿನ ಗುಮ್ಮಟದಂಥ ಟ್ವೀಟರ್. ಪೆಟ್ಟಿಗೆಯ ಬದಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದೆ. ಹಳೆಯದು ಖಾಲಿ ಡಬ್ಬದಂತೆ ಟೊಳ್ಳಾಗಿ ಸದ್ದು ಮಾಡುತ್ತಿತ್ತು, ಇದು ಗಟ್ಟಿ ಮರವನ್ನು ತಟ್ಟಿದಂತೆ ಕ್ಷಣಮಾತ್ರ ಸದ್ದು ಮಾಡಿ ಸುಮ್ಮನಾಯಿತು. ಎಂಡಿಎಫ್ ಹಲಗೆ ಅಷ್ಟು ದಪ್ಪವಿದೆ. ಅಂಗಡಿಯಲ್ಲಿ ಸದ್ದು ಕೇಳಲು ಅವಕಾಶ ಸಿಗದವರು ಕನಿಷ್ಠ ಈ ಪರೀಕ್ಷೆಯನ್ನಾದರೂ ಮಾಡಬಹುದು. ಏಕೆಂದರೆ ಪೆಟ್ಟಿಗೆಯ ಗೋಡೆಯೇ ನಡುಗಿದರೆ ಆ ನಡುಕವೂ ಮಾತಿನ ಜೊತೆ ಸೇರಿಕೊಂಡು ಕೇಳಿಸುತ್ತದೆ.

ಇನ್ನು ಪುಟ್ಟ ಪೆಟ್ಟಿಗೆಯ ಮಿತಿಯ ವಿಷಯ. ಪುಟ್ಟ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು. ಇದಕ್ಕೆ ಸ್ಪೀಕರ್ ತಯಾರಕರ ನಡುವೆ ಹಾಫ್‌ಮನ್‌ರ ಕಬ್ಬಿಣದ ನಿಯಮ ಎಂಬ ಹೆಸರಿದೆ. ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನ ಕೊನೆಯ ಅಕ್ಷರ ಇದೇ ಹಾಫ್‌ಮನ್‌ರದು. 1954ರಲ್ಲಿ ಅಮೆರಿಕದ ಸಂಶೋಧಕ ಎಡ್ಗರ್ ವಿಲ್ಚರ್ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡು, ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಗಾತ್ರದಲ್ಲಿ ಆಳವಾದ ಬೇಸ್ ತೆಗೆದರು. ಅದಕ್ಕೆ ಅವರು ತೆತ್ತ ಬೆಲೆಯೂ ಇದೇ ನಿಯಮದ್ದು, ಆ ಸ್ಪೀಕರಿಗೆ ಬಲವಾದ ಆಂಪ್ಲಿಫೈಯರ್ ಬೇಕಾಯಿತು. ಇನ್ನೊಂದು ಲೆಕ್ಕವನ್ನೂ ನೆನಪಿನಲ್ಲಿಡಬೇಕು. ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ, ಅದು ಇಳಿದಂತೆ ಸ್ವರ ತಗ್ಗುತ್ತದೆ. ಒಂದೇ ಕೋನ್, ಒಂದೇ ಮಟ್ಟದ ಸದ್ದು ಎಂದುಕೊಂಡರೆ, 160 ಹರ್ಟ್ಜ್‌ನಿಂದ 80 ಹರ್ಟ್ಜ್‌ಗೆ ಇಳಿಯುವಾಗ ಆ ಕೋನ್ ಹಿಂದೆ ಮುಂದೆ ಚಲಿಸಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ, 40 ಹರ್ಟ್ಜ್‌ಗೆ ಇಳಿದರೆ ಹದಿನಾರು ಪಟ್ಟು. ಮೂರು ಇಂಚಿನ ಕೋನಿಗೆ ಅಷ್ಟು ದೂರ ಚಲಿಸಲು ಜಾಗವೇ ಇರುವುದಿಲ್ಲ. ಎಂಟು ಇಂಚಿನ ಕೋನಿಗೆ ಅದಕ್ಕಿಂತ ಸುಮಾರು ಏಳು ಪಟ್ಟು ವಿಸ್ತೀರ್ಣವಿರುವುದರಿಂದಲೇ ಆ ಕೆಲಸ ಅದರ ಪಾಲಿಗೆ ಬರುತ್ತದೆ.

ಇದೆಲ್ಲ ಗೊತ್ತಿದ್ದೂ ಮೊದಲ ವಾರ ನಾನು ಎಡವಿದೆ. ರಿಸೀವರಿನ ಮೆನುವಿನಲ್ಲಿ ಮುಂದಿನ ಎರಡು ಸ್ಪೀಕರ್‌ಗಳ ಗಾತ್ರ ‘ಲಾರ್ಜ್’ ಎಂದಿತ್ತು, ಹಿಂದಿನ ಮಾಲೀಕರು ಬಿಟ್ಟು ಹೋದದ್ದಿರಬೇಕು. ಲಾರ್ಜ್ ಎಂದರೆ ಎಲ್ಲ ಬೇಸನ್ನೂ ಈ ಸ್ಪೀಕರಿಗೇ ಕಳುಹಿಸು ಎಂದರ್ಥ. ಚಿತ್ರದಲ್ಲಿ ಗುಡುಗು ಬಂದಾಗಲೆಲ್ಲ ಪುಟ್ಟ ಕೋನ್ ಪಟಪಟನೆ ಒದ್ದಾಡುತ್ತಿತ್ತು; ಜಾಲರಿ ತೆಗೆದು ನೋಡಿದರೆ ಅದರ ಅಂಚು ಕಣ್ಣಿಗೆ ಮಂಜಾಗಿ ಕಾಣುವಷ್ಟು ನಡುಗುತ್ತಿತ್ತು. ‘ಸ್ಮಾಲ್’ ಎಂದು ಬದಲಿಸಿ, ಎಲ್ಲರೂ ಹೇಳುವಂತೆ ಕ್ರಾಸ್‌ಓವರನ್ನು, ಅಂದರೆ ಪುಟ್ಟ ಸ್ಪೀಕರಿನ ಕೆಲಸ ಮುಗಿದು ಸಬ್‌ವೂಫರಿನ ಕೆಲಸ ಶುರುವಾಗುವ ಗಡಿಯನ್ನು, 80 ಹರ್ಟ್ಜ್‌ಗೆ ಇಟ್ಟೆ. ಒದ್ದಾಟ ನಿಂತಿತು, ಆದರೆ ಸದ್ದು ಸೊರಗಿತು. ಗಂಡಸರ ದನಿಯಲ್ಲಿ ಎದೆಯ ತುಂಬು ಇಲ್ಲ, ಬಾಗಿಲು ಮುಚ್ಚಿದರೆ ರಟ್ಟಿನ ಬಾಗಿಲು ಮುಚ್ಚಿದಂತೆ. ಕಾರಣ ಸ್ಪೀಕರಿನ ಜೊತೆ ಬಂದ ಹಾಳೆಯಲ್ಲೇ ಇತ್ತು. ಅದರಲ್ಲಿ ಕೆಳಗಿನ ಮಿತಿ 100 ಹರ್ಟ್ಜ್, ಏರಿಳಿತ 3 ಡೆಸಿಬಲ್ ಒಳಗೆ ಎಂದು ಪ್ರಾಮಾಣಿಕವಾಗಿಯೇ ಬರೆದಿದ್ದರು. ನಾನು 80 ಹರ್ಟ್ಜ್ ತನಕ ಅದರಿಂದ ದುಡಿಸಲು ಹೊರಟಿದ್ದೆ. ನಡುವಿನ ಸ್ವರಗಳನ್ನು ಸ್ಯಾಟಲೈಟೂ ನುಡಿಸುತ್ತಿರಲಿಲ್ಲ, ಸಬ್‌ವೂಫರೂ ನುಡಿಸುತ್ತಿರಲಿಲ್ಲ. (ಏರಿಳಿತ ಎಷ್ಟೆಂದು ಹೇಳದೆ ಬರೀ ಹರ್ಟ್ಜ್ ಸಂಖ್ಯೆ ಕೊಡುವ ಕಂಪನಿಯ ಮಾತನ್ನು ನಂಬಬೇಡಿ.)

80 ಹರ್ಟ್ಜ್ ಎಂಬ ಸಂಖ್ಯೆ ಸಿನಿಮಾ ಸದ್ದಿನ ಗುಣಮಟ್ಟಕ್ಕೆಂದು ರೂಪಿಸಿದ ಟಿಎಚ್‌ಎಕ್ಸ್ ಪದ್ಧತಿಯಿಂದ ಜನಪ್ರಿಯವಾದದ್ದು, ಅದಕ್ಕೆ ಕಾರಣವೂ ಇದೆ. ಆ ಮಟ್ಟದಲ್ಲಿ ಸದ್ದಿನ ಅಲೆಯ ಉದ್ದ 4.3 ಮೀಟರ್, ಅಷ್ಟು ಉದ್ದದ ಅಲೆ ಯಾವ ಮೂಲೆಯಿಂದ ಬಂತೆಂದು ಕೋಣೆಯೊಳಗೆ ಕಿವಿಗೆ ತಿಳಿಯುವುದು ಕಷ್ಟ. ಕ್ರಾಸ್‌ಓವರನ್ನು ಮೇಲೇರಿಸಿದಂತೆ ಸಬ್‌ವೂಫರ್ ಎಲ್ಲಿದೆ ಎಂಬುದು ಬಯಲಾಗತೊಡಗುತ್ತದೆ. ನಾನು 150ಕ್ಕೆ ಇಟ್ಟು ನೋಡಿದಾಗ ವಾರ್ತೆ ಓದುವವರ ದನಿಯ ಅರ್ಧ ಟಿವಿಯಿಂದಲೂ ಇನ್ನರ್ಧ ಮೂಲೆಯ ನೆಲದಿಂದಲೂ ಬಂದಂತಾಗಿ ನಗು ಬಂತು. ಕೊನೆಗೆ 120 ಹರ್ಟ್ಜ್‌ಗೆ ನಿಂತೆ, ಜೊತೆಗೆ ಸಬ್‌ವೂಫರನ್ನು ಬದಿಯ ಮೂಲೆಯಿಂದ ಮುಂದಿನ ಗೋಡೆಗೆ, ಟಿವಿಯ ಹತ್ತಿರಕ್ಕೆ ತಂದೆ. ಆಗ ದನಿಯ ಕೆಳಭಾಗವೂ ಮುಂದಿನಿಂದಲೇ ಬರುವುದರಿಂದ ಕಿವಿಗೆ ಅನುಮಾನ ಬರುವುದಿಲ್ಲ. ಸಬ್‌ವೂಫರಿನ ಹಿಂಬದಿಯಲ್ಲಿರುವ ಕ್ರಾಸ್‌ಓವರ್ ತಿರುಪನ್ನು ಅತಿ ಹೆಚ್ಚಿನ ಹರ್ಟ್ಜ್ ತನಕ ತಿರುಗಿಸಿಡಬೇಕು, ಇಲ್ಲವಾದರೆ ಒಂದೇ ಸದ್ದನ್ನು ರಿಸೀವರೂ ಸಬ್‌ವೂಫರೂ ಎರಡು ಸಲ ಸೋಸುತ್ತವೆ. ಇಷ್ಟು ಮಾಡಿದ ದಿನವೇ ಸೆಟ್ಟಿನ ಬಗ್ಗೆ ನನ್ನ ಅಭಿಪ್ರಾಯ ತಿರುಗಿದ್ದು.

ಬೇಸಿನ ವಿಷಯದಲ್ಲಿ ಮತ್ತೊಂದು ತೊಡಕು ಕೋಣೆಯದು. ನನ್ನ ಕೋಣೆಯ ಉದ್ದ ಸುಮಾರು 4.3 ಮೀಟರ್. 40 ಹರ್ಟ್ಜ್ ಅಲೆಯ ಅರ್ಧ ಉದ್ದವೂ ಅಷ್ಟೇ ಆಗಿರುವುದರಿಂದ ಆ ಸ್ವರ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗಿ, ಗೋಡೆಗಳ ಬಳಿ ಭಾರಿಯಾಗಿಯೂ ಕೋಣೆಯ ನಟ್ಟನಡುವೆ ಬಹುತೇಕ ಶೂನ್ಯವಾಗಿಯೂ ಕೇಳಿಸುತ್ತದೆ. ಸೋಫಾ ಇದ್ದದ್ದು ಸರಿಯಾಗಿ ನಟ್ಟನಡುವೆ. ಬೇಸ್ ಸಾಲದೆಂದು ನಾನು ಸಬ್‌ವೂಫರಿನ ಸದ್ದನ್ನು ಏರಿಸುತ್ತಲೇ ಹೋದೆ. ಹಿಂದಿನ ಗೋಡೆಗೆ ಒರಗಿ ನಿಂತವರು ಕಿವಿ ಮುಚ್ಚಿಕೊಳ್ಳುತ್ತಿದ್ದರೆ ಸೋಫಾದಲ್ಲಿ ಕುಳಿತ ನನಗೆ ಏನೂ ಕೇಳಿಸುತ್ತಿರಲಿಲ್ಲ. ಸೋಫಾವನ್ನು ಎರಡು ಅಡಿ ಹಿಂದಕ್ಕೆ ಎಳೆದೆ, ಬೇಸ್ ಬಂತು. ಸೋಫಾ ಕದಲಿಸಲಾಗದವರಿಗೆ ಬೇರೆ ಉಪಾಯವಿದೆ. ಸಬ್‌ವೂಫರನ್ನೇ ತಾತ್ಕಾಲಿಕವಾಗಿ ಸೋಫಾದ ಮೇಲೆ ಇಟ್ಟು, ಬೇಸ್ ಹೆಚ್ಚಿರುವ ಒಂದು ತುಣುಕನ್ನು ಮತ್ತೆ ಮತ್ತೆ ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಕೇಳುತ್ತ ಹೋಗಬೇಕು; ಎಲ್ಲಿ ಬೇಸ್ ಸಮನಾಗಿ, ಗುಂಯ್‌ಗುಡದೆ ಕೇಳಿಸುತ್ತದೋ ಅಲ್ಲೇ ಅದರ ಜಾಗ. ಮಾಡುವಾಗ ಮನೆಯವರು ನಗುತ್ತಾರೆ, ನಗಲಿ.

ರಿಸೀವರಿನ ಜೊತೆ ಬಂದ ಮೈಕಿನಿಂದ ಅಳತೆ ಮಾಡಿಸಿದಾಗ ಅದು ಸಬ್‌ವೂಫರಿನ ದೂರವನ್ನು ನಿಜಕ್ಕಿಂತ ಒಂದೂವರೆ ಮೀಟರ್ ಹೆಚ್ಚಾಗಿ ತೋರಿಸಿತು. ಅಳತೆ ತಪ್ಪಿದೆಯೆಂದು ಟೇಪು ಹಿಡಿದು ತಿದ್ದಲು ಹೊರಟಿದ್ದೆ. ವಾಸ್ತವದಲ್ಲಿ ಸಬ್‌ವೂಫರಿನೊಳಗಿನ ಸೋಸುವ ಸರ್ಕಿಟ್ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡ ಮಾಡುತ್ತದೆ, ಒಂದು ಮೀಟರ್ ಸಾಗಲು ಸದ್ದಿಗೆ ಸುಮಾರು 3 ಮಿಲಿಸೆಕೆಂಡ್ ಬೇಕು, ಆ ತಡವನ್ನೇ ರಿಸೀವರ್ ದೂರವೆಂದು ಬರೆದುಕೊಳ್ಳುತ್ತದೆ. ಅದನ್ನು ಹಾಗೆಯೇ ಬಿಡಬೇಕು. ಆದರೆ ಅದೇ ಅಳತೆ ಕ್ರಾಸ್‌ಓವರನ್ನು ಮತ್ತೆ 80ಕ್ಕೆ ತಂದಿಟ್ಟಿತ್ತು, ಅದನ್ನು ತಿದ್ದಬೇಕಾಯಿತು.

ಸಂಭಾಷಣೆಯ ಸ್ಪಷ್ಟತೆಯಲ್ಲಿ ಈ ಸೆಟ್ಟು ತನ್ನ ಬೆಲೆಗೆ ಮೀರಿದ ಕೆಲಸ ಮಾಡುತ್ತದೆ. 5.1 ಸದ್ದಿನಲ್ಲಿ ಮಾತಿನ ಬಹುಪಾಲು ಸೆಂಟರಿನಿಂದಲೇ ಬರುತ್ತದೆ. ಟಿವಿಯ ಸ್ಪೀಕರ್‌ಗಳು ಸಾಮಾನ್ಯವಾಗಿ ನೆಲಕ್ಕೋ ಗೋಡೆಗೋ ಮುಖ ಮಾಡಿರುವುದರಿಂದ, ಕೇಳುವವರತ್ತ ನೇರವಾಗಿ ನೋಡುವ ಒಂದು ಸೆಂಟರ್ ಬಂದೊಡನೆ ಪಿಸುಮಾತು ಕೂಡ ಪದಪದವಾಗಿ ಬಿಡಿಸಿಕೊಳ್ಳುತ್ತದೆ. ಮೊದಲು ನಾನು ಅದನ್ನು ಟಿವಿ ಸ್ಟ್ಯಾಂಡಿನ ಒಳಗೂಡಿಗೆ ತಳ್ಳಿದ್ದೆ, ದನಿ ಕೊಡದೊಳಗಿಂದ ಬಂದಂತಿತ್ತು. ಸ್ಟ್ಯಾಂಡಿನ ಅಂಚಿಗೆ ತಂದು, ಮುಂಭಾಗದ ಕೆಳಗೆ ರಬ್ಬರಿನ ಎರಡು ತುಂಡು ಕೊಟ್ಟು, ಮುಖ ಕಿವಿಯ ಮಟ್ಟಕ್ಕೆ ತಿರುಗುವಂತೆ ಮಾಡಿದೆ. ಒಂದು ಕೊರತೆ ಉಳಿದಿದೆ. ಇದರಲ್ಲಿ ಟ್ವೀಟರಿನ ಎಡಬಲಗಳಲ್ಲಿ ಒಂದೊಂದು ವೂಫರ್ ಇರುವುದರಿಂದ, ಬದಿಯಲ್ಲಿ ಕುಳಿತವರಿಗೆ ಎರಡು ವೂಫರುಗಳ ಸದ್ದು ಬೇರೆ ಬೇರೆ ಹೊತ್ತಿಗೆ ತಲುಪಿ, ಕೆಲವು ಸ್ವರಗಳು ಒಂದನ್ನೊಂದು ಕಳೆಯುತ್ತವೆ. ಸೋಫಾದ ಎರಡು ತುದಿಗಳಲ್ಲಿ ಮಾತು ತುಸು ಮಸುಕಾಗುತ್ತದೆ. ಅಡ್ಡ ಪೆಟ್ಟಿಗೆಯ ಬದಲು ಐದನೆಯ ಸ್ಯಾಟಲೈಟನ್ನೇ ಸೆಂಟರ್ ಮಾಡಿ ನಿಲ್ಲಿಸುವ ಆಯ್ಕೆಯನ್ನು ಕಂಪನಿ ಕೊಟ್ಟಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ.

ಸ್ಯಾಟಲೈಟ್‌ಗಳ ಸಂವೇದನೆ 86 ಡೆಸಿಬಲ್, ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. 89 ಡೆಸಿಬಲ್ಲಿನ ಸ್ಪೀಕರ್ ಇದೇ ಸದ್ದನ್ನು ಅರ್ಧ ವಿದ್ಯುತ್ತಿನಲ್ಲಿ ಕೊಡುತ್ತದೆ, ಏಕೆಂದರೆ ಪ್ರತಿ 3 ಡೆಸಿಬಲ್ಲಿಗೆ ವಾಟ್ ಇಮ್ಮಡಿಯಾಗಬೇಕು. ಎರಡೂವರೆ ಮೀಟರ್ ದೂರದಲ್ಲಿ ಕುಳಿತು ಚಿತ್ರ ನೋಡಲು ಇಷ್ಟು ಧಾರಾಳವಾಗಿ ಸಾಕು. ದೊಡ್ಡ ಹಾಲಿನಲ್ಲಿ ಹತ್ತು ಜನರನ್ನು ಕೂರಿಸಿ ಜೋರಾಗಿ ಹಾಕುವವರಿಗೆ ಸಾಲದು. ವಾಲ್ಯೂಮ್ ಏರಿಸಿದಂತೆ ಸದ್ದು ದೊಡ್ಡದಾಗುವ ಬದಲು ಗಡಸಾಗುತ್ತ ಹೋಗುತ್ತದೆ.

ಹಿಂದಿನ ಸ್ಪೀಕರ್‌ಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮುಂದಿನವು ನಡುಗೆರೆಯಿಂದ 30 ಡಿಗ್ರಿ, ಹಿಂದಿನವು 100ರಿಂದ 120 ಡಿಗ್ರಿ ಎಂದು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸು ಹೇಳುತ್ತದೆ, ಅಂದರೆ ಬೆನ್ನ ಹಿಂದೆ ನೇರವಾಗಿ ಇಡದೆ ಭುಜದ ಪಕ್ಕಕ್ಕಿಂತ ತುಸು ಹಿಂದೆ ಇಡಬೇಕು. ವೈರಿಗೆ ದುಡ್ಡು ಸುರಿಯಬೇಡಿ. 8 ಓಮ್ ಸ್ಪೀಕರಿಗೆ ಹತ್ತು ಮೀಟರ್ ತನಕ 16 ಗೇಜಿನ ತಾಮ್ರದ ವೈರ್ ಸಾಕು, ಆದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ ಆಗಿರದಂತೆ ನೋಡಿಕೊಳ್ಳಿ. ಜೋಡಿಸುವಾಗ ಬಲಗಡೆಯ ಸ್ಪೀಕರಿನ ಕೆಂಪು ಕಪ್ಪು ವೈರುಗಳನ್ನು ನಾನು ಅದಲುಬದಲು ಮಾಡಿದ್ದೆ. ಹಾಡು ಹಾಕಿದರೆ ಗಾಯಕಿಯ ದನಿ ನಡುವೆ ನಿಲ್ಲದೆ, ಎತ್ತಲಿಂದ ಬರುತ್ತಿದೆ ಎಂದು ಬೆರಳು ಮಾಡಲಾಗದಂತೆ ಎಲ್ಲೆಡೆ ಹರಡಿಕೊಂಡಿತ್ತು. ಸರಿಪಡಿಸಿದ ಕೂಡಲೇ ಟಿವಿಯ ನಟ್ಟನಡುವೆ ಬಂದು ನಿಂತಿತು.

ದೂರುಗಳು ಎರಡಿವೆ. ಸ್ಯಾಟಲೈಟಿನ ಹಿಂಬದಿಯಲ್ಲಿ ಇರುವುದು ಒತ್ತಿ ಬಿಡುವ ಕ್ಲಿಪ್ಪು, ದಪ್ಪ ವೈರ್ ಒಳಗೆ ಹೋಗದೆ ಒಂದೆರಡು ಎಳೆ ಹೊರಗೆ ಚಾಚಿಕೊಳ್ಳುತ್ತದೆ. ಕೂದಲೆಳೆಯಷ್ಟು ತೆಳುವಾದ ಅಂಥದೊಂದು ಎಳೆ ಪಕ್ಕದ ಕ್ಲಿಪ್ಪಿಗೆ ತಾಗಿ ರಿಸೀವರ್ ಎರಡು ಸಲ ತಾನಾಗಿ ಆಫ್ ಆಯಿತು. ಎರಡನೆಯದು ಸಬ್‌ವೂಫರಿನ ತಾನೇ ಎಚ್ಚರಗೊಳ್ಳುವ ವ್ಯವಸ್ಥೆ. ರಾತ್ರಿ ಸಣ್ಣ ಸದ್ದಿನಲ್ಲಿ ನೋಡುವಾಗ ಅದು ಏಳುವುದೇ ಇಲ್ಲ, ಹತ್ತು ನಿಮಿಷದ ಮೇಲೆ ಯಾವುದೋ ಕಾರಿನ ಬಾಗಿಲು ಬಡಿದಾಗ ಒಮ್ಮೆಗೇ ಎದ್ದು ಬೆಚ್ಚಿಬೀಳಿಸುತ್ತದೆ. ಈಗ ಅದನ್ನು ‘ಆನ್’ನಲ್ಲೇ ಇಟ್ಟು, ರಿಸೀವರಿನ ಜೊತೆ ಒಂದೇ ಸ್ವಿಚ್ಚಿಗೆ ಸೇರಿಸಿದ್ದೇನೆ.

ಸಂಗೀತವನ್ನೇ ಹೆಚ್ಚು ಕೇಳುವವರಾದರೆ ಇದೇ ಹಣಕ್ಕೆ ಐದು ಇಂಚಿನ ವೂಫರಿರುವ ಎರಡು ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನಷ್ಟೇ ಈಗ ಕೊಂಡು, ಸಬ್‌ವೂಫರನ್ನೂ ಸೆಂಟರನ್ನೂ ಮುಂದೆ ಸೇರಿಸಿಕೊಳ್ಳಿ. ವೀಣೆಯ ಮಂದ್ರ ತಂತಿಯನ್ನೂ ಮೃದಂಗದ ಎಡಗೈಯನ್ನೂ ಸಬ್‌ವೂಫರಿಗೆ ಹಂಚಿಕೊಡುವ ಈ ಸೆಟ್ಟಿನಲ್ಲಿ ವಾದ್ಯ ಎರಡು ತುಂಡಾದಂತೆ ನನಗೆ ಈಗಲೂ ಅನಿಸುತ್ತದೆ. ಚಿತ್ರ, ಧಾರಾವಾಹಿ, ಆಟಗಳಿಗೆ ಇದನ್ನು ಮತ್ತೆ ಕೊಳ್ಳುತ್ತೇನೆ, ಜೋಡಿಸಿದ ದಿನವೇ ಮೆನು ತೆರೆದು ಲಾರ್ಜ್ ಎಂದಿದ್ದುದನ್ನು ಸ್ಮಾಲ್ ಮಾಡಿ, ಕ್ರಾಸ್‌ಓವರನ್ನು 120ಕ್ಕೆ ಇಡುತ್ತೇನೆ.