ಲ್ಯಾಬ್, ಮುಧೋಳ, ಊರ ನಾಯಿ: ಮೂರನ್ನೂ ಸಾಕಿ ನೋಡಿದ್ದು

ಹತ್ತು ವರ್ಷದಲ್ಲಿ ನಮ್ಮ ಮನೆಗೆ ಮೂರು ನಾಯಿ ಬಂದವು. ಊರು ಶಿರಸಿ ಹತ್ತಿರದ ಹಳ್ಳಿ. ಒಂಟಿ ಮನೆ, ಕೆಳಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ನಾಯಿ ಬೇಕಾಗಿದ್ದು ಮುದ್ದು ಮಾಡುವುದಕ್ಕಲ್ಲ. ಮಂಗ ಓಡಿಸಬೇಕು, ರಾತ್ರಿ ಯಾರಾದರೂ ಬಂದರೆ ಬೊಗಳಬೇಕು, ಅಷ್ಟೇ.

ಮೊದಲು ಹುಬ್ಬಳ್ಳಿಯಿಂದ ಲ್ಯಾಬ್ರಡಾರ್ ಮರಿ ತಂದೆವು. ಮಕ್ಕಳಿಗೆ ಮರಿಯ ಮುಖ ನೋಡಿದ್ದೇ ಸಾಕಾಯಿತು. ಸ್ವಭಾವ ಬಂಗಾರ, ಆದರೆ ನಮ್ಮ ಕೆಲಸಕ್ಕೆ ಸೊನ್ನೆ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಬಂದರೂ ಬಾಲ, ಗುರುತಿಲ್ಲದವರು ಬಂದರೂ ಬಾಲ. ಮಂಗ ಬಂದರೆ ಆಟಕ್ಕೆ ಬಂದಿರಬೇಕು ಅಂತ ಮರದ ಬುಡದಲ್ಲಿ ಕಾಯುತ್ತಾ ಕೂರುತ್ತಿತ್ತು. ತಿನ್ನುವುದರಲ್ಲಿ ಮಾತ್ರ ಸೋಮಾರಿತನ ಇಲ್ಲ. ಹಸುವಿನ ಹಿಂಡಿ, ಬಿದ್ದ ಹಲಸಿನ ಹಣ್ಣು, ಎಲ್ಲ ಒಂದೇ. ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಹಸಿವು ಜಾಸ್ತಿ ಮಾಡುವ ಜೀನ್ ದೋಷ ಇದೆ ಅಂತ 2016ರಲ್ಲಿ ಸಂಶೋಧಕರು ಹೇಳಿದ್ದಾರೆ. ನಮ್ಮದಕ್ಕೆ ಎರಡು ಜೀನ್ ಕೆಟ್ಟಿದ್ದವೋ ಏನೋ, ಎರಡೇ ವರ್ಷಕ್ಕೆ 41 ಕಿಲೋ. ಗಂಡು ಲ್ಯಾಬ್ 36 ಕಿಲೋ ಒಳಗಿದ್ದರೆ ಒಳ್ಳೆಯದು.

ಮಳೆಗಾಲ ಬಂದಾಗ ಇನ್ನೊಂದು ಪಾಠ. ಅದರ ಕೂದಲು ಎರಡು ಪದರ. ಜೂನ್‌ನಲ್ಲಿ ಒದ್ದೆಯಾದದ್ದು ಸೆಪ್ಟೆಂಬರ್‌ವರೆಗೆ ಸರಿಯಾಗಿ ಒಣಗಲಿಲ್ಲ. ಜೋಲು ಕಿವಿಯೊಳಗೆ ಸೋಂಕು, ಜಗುಲಿ ತುಂಬ ವಾಸನೆ. ದಿನಾ ಸಂಜೆ ಟಾರ್ಚ್ ಹಿಡಿದು ಉಣುಗು ಹೆಕ್ಕಬೇಕು. ಪಕ್ಕದ ಸಿದ್ದಾಪುರದಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ನೋಡಿದವರು ನಾವು. ಉಣುಗು ಅಂದರೆ ಅಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಕಾರವಾರದ ಅಕ್ಕ ಕರೆದುಕೊಂಡು ಹೋದಳು. ಈಗ ದಿನಾ ಬೆಳಿಗ್ಗೆ ಸಮುದ್ರದಲ್ಲಿ ಈಜುತ್ತದೆ. ಈ ತಳಿಯ ಹಿರಿಯರು ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ಜೊತೆ ದುಡಿದವರು, ನೀರು ಕಂಡರೆ ಸುಮ್ನೆ ಇರುವುದುಂಟಾ? ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒರೆಸುವ ಕೆಲಸ ಭಾವನದು.

ಮುಧೋಳ ತಂದಿದ್ದು ನನ್ನ ಹಟ. ಬಾಗಲಕೋಟೆ ಜಿಲ್ಲೆಯ ನಾಯಿ, 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದಿದೆ, ನಮ್ಮದೇ ಅನ್ನುವ ಹೆಮ್ಮೆ. ನೋಡಲು ಎಷ್ಟು ಚಂದ! ಆದರೆ ಪಕ್ಕೆಲುಬು ಕಾಣುವುದು ಆ ಜಾತಿಯ ಗುಣ ಅಂದರೆ ಯಾರೂ ನಂಬುವುದಿಲ್ಲ. ಬಂದವರೆಲ್ಲ "ಇದಕ್ಕೆ ಊಟ ಹಾಕ್ತೀರಾ ಇಲ್ವಾ ಮಾರಾಯ್ರೆ" ಅಂತಲೇ ಕೇಳಿದರು. ನಮ್ಮದು ಮೊಟ್ಟೆ ಒಳಗೆ ಬಾರದ ಮನೆ. ಅನ್ನ-ಮಜ್ಜಿಗೆಯಲ್ಲಿ ಓಟದ ನಾಯಿ ಬದುಕುವುದಿಲ್ಲ ಅಂತ ಗೊತ್ತಾದ ಮೇಲೆ ಅಂಗಳದ ಮೂಲೆಯಲ್ಲಿ ಬೇರೆ ಒಲೆ ಹೂಡಿ ಮೊಟ್ಟೆ ಬೇಯಿಸಿದೆ. ಅಜ್ಜಿ ಆ ಕಡೆ ತಿರುಗಿಯೂ ನೋಡಲಿಲ್ಲ.

ಇದರದ್ದು ಕಣ್ಣಿನ ಬೇಟೆ. ಓಡುವುದು ಏನೇ ಕಾಣಲಿ, ಬೆನ್ನು ಹತ್ತಬೇಕು, ಆಮೇಲೆ ನಾವು ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೆ ಬಯಲು ಬೇಕು. ನಮ್ಮಲ್ಲಿ ಇರುವುದು ಸಾಲು ಮರ, ಬಸಿಗಾಲುವೆ, ಜಾರುವ ದರೆ. ಒಂದೇ ವರ್ಷದಲ್ಲಿ ಎರಡು ಸಲ ಕಾಲು ಉಳುಕಿತು. ಮೈಮೇಲೆ ಕೂದಲೂ ಇಲ್ಲ, ಕೊಬ್ಬೂ ಇಲ್ಲ. ಆಷಾಢವಿಡೀ ಬಚ್ಚಲ ಒಲೆ ಪಕ್ಕದಲ್ಲೇ ಬಿದ್ದಿತ್ತು. ಈಗ ಮುಂಡಗೋಡಿನಲ್ಲಿ ಮೆಕ್ಕೆಜೋಳ ಬೆಳೆಯುವ ಸ್ನೇಹಿತರ ಹೊಲದಲ್ಲಿದೆ. ಒಂದೇ ಜಿಲ್ಲೆ ಅಂದರೂ ಅಲ್ಲಿ ಮಳೆ ಕಡಿಮೆ, ನೆಲ ಸಪಾಟು. ಹೋದ ತಿಂಗಳು ನೋಡಿದೆ, ಓಡುವಾಗ ನಾಲ್ಕೂ ಕಾಲು ನೆಲ ಬಿಟ್ಟಿದ್ದವು.

ಮೂರನೆಯವನು ಊರ ನಾಯಿ ಕರಿಯ, ಅವನನ್ನು ನಾವು ಆರಿಸಲಿಲ್ಲ. ಶಿರಸಿ ಪೇಟೆಯಲ್ಲಿ ಮಳೆಗೆ ನೆನೆದು ಕೂತಿದ್ದ ಮರಿ, ತಂಗಿ ಚೀಲದಲ್ಲಿ ಹಾಕಿ ತಂದಳು. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು, ಈಗ ವರ್ಷಕ್ಕೊಮ್ಮೆ. ಔಷಧದ ಖರ್ಚು ಹೆಚ್ಚುಕಡಿಮೆ ಅಷ್ಟೇ. ಉಣುಗು ಇವನಿಗೂ ಹತ್ತುತ್ತದೆ, ಆದರೆ ಗಿಡ್ಡ ಕೂದಲು, ಕೈಗೆ ಬೇಗ ಸಿಗುತ್ತದೆ. ಮೈ ಕೊಡವಿದರೆ ಒಣಗಿದ.

ಮಂಗ ಬಂದರೆ ಮರದ ಮೇಲೆ ನೋಡುತ್ತಾ ತೋಟದ ಆ ತುದಿವರೆಗೆ ಅಟ್ಟುತ್ತಾನೆ. ಯಾರೂ ಕಲಿಸಿದ್ದಲ್ಲ. ಆದರೆ ಹೇಳಿದ ಮಾತು ಕೇಳುವವನಲ್ಲ. ನೆಂಟರ ಚಪ್ಪಲಿ ಉಳಿಯುವುದಿಲ್ಲ, ಸಿಲಿಂಡರ್ ಗಾಡಿ ಬಂದರೆ ಕಟ್ಟಿಹಾಕಲೇಬೇಕು. ಮಳೆ ನಿಂತ ಮೇಲೆ ಹೆಣ್ಣುನಾಯಿ ಹುಡುಕಿ ನಾಲ್ಕು ದಿನ ಕಾಣೆಯಾದ, ಹರಿದ ಕಿವಿ ಹೊತ್ತು ಬಂದ. ಆಮೇಲೆ ಆಪರೇಶನ್ ಮಾಡಿಸಿದೆವು. ಮೊದಲೇ ಮಾಡಿಸಬೇಕಿತ್ತು.

ಚಿರತೆ ವಿಷಯದಲ್ಲಿ ಮಾತ್ರ ಮೂವರಿಗೂ ಒಂದೇ ನಿಯಮ. ನಮ್ಮ ಕಡೆ ಅಂಗಳದಲ್ಲಿ ಮಲಗಿದ ನಾಯಿ ಬೆಳಗಾಗುವುದರೊಳಗೆ ಇಲ್ಲವಾದ ಮನೆಗಳು ಬೇಕಾದಷ್ಟಿವೆ. ಕತ್ತಲಾದರೆ ನಾಯಿ ಒಳಗೆ. ಲ್ಯಾಬ್‌ನ್ನು ಎಳೆದು ತರಬೇಕಿತ್ತು, ಮುಧೋಳವನ್ನು ಹುಡುಕಿ ತರಬೇಕಿತ್ತು. ಕರಿಯ ದೀಪ ಹಚ್ಚುವ ಹೊತ್ತಿಗೆ ತಾನೇ ಬಂದು ಕೊಟ್ಟಿಗೆ ಬಾಗಿಲು ಕೆರೆಯುತ್ತಾನೆ.