ಪುಣೆ ಸ್ಟಾರ್ಟಪ್‌ನಲ್ಲಿ ಇಎಸ್‌ಒಪಿ ನಂಬಿ ಸಂಬಳ ಬಿಟ್ಟುಕೊಡಬೇಡಿ

ಇಎಸ್‌ಒಪಿ ಅಂದ್ರೆ ಕಂಪನಿಯ ಷೇರನ್ನು ಮುಂದೆ ಗೊತ್ತು ಮಾಡಿದ ಬೆಲೆಗೆ ಕೊಳ್ಳೋ ಹಕ್ಕನ್ನು, ಅಂದ್ರೆ ಆಪ್ಷನ್ ಅನ್ನು, ನೌಕರರಿಗೆ ಕೊಡೋ ಸ್ಕೀಮ್. ಮೊದಲೇ ಹೇಳಿಬಿಡ್ತೀನಿ. ಆಫರ್ ಲೆಟರ್‌ನಲ್ಲಿ ‘5,000 ಆಪ್ಷನ್’ ಅಂತ ಬರೆದಿದ್ದಾರೆ ಅಂದ ಮಾತ್ರಕ್ಕೆ ನಿಮ್ಮ ಕೈಗೆ ಏನೂ ಬಂದಿಲ್ಲ. ಏನೂ ಅಂದ್ರೆ ಏನೂ ಇಲ್ಲ.

ನಾನು ಸೇರಿದ್ದ ಸ್ಟಾರ್ಟಪ್‌ಗೆ ಪುಣೆಯ ಬಾಣೇರ್‌ನಲ್ಲಿ ಆಫೀಸು, ಹತ್ತು ಜನರೂ ಇಲ್ಲ. ಮುಂಬೈ–ಪುಣೆ ಖಾಸಗಿ ಬಸ್‌ಗಳನ್ನು ಟ್ರ್ಯಾಕ್ ಮಾಡೋ ಕೆಲಸ. ಫೌಂಡರ್ ಬೆಳಗಾವಿ ಕಡೆಯವರು, ಇಂಟರ್‌ವ್ಯೂ ಅರ್ಧ ಕನ್ನಡದಲ್ಲೇ ಆಯ್ತು. ಟೆಸ್ಟ್ ಅಂತ ಕೊಟ್ಟದ್ದು ನಿಜವಾದ ಸಮಸ್ಯೆ: ಖಂಡಾಳಾ ಘಾಟ್‌ನಲ್ಲಿ ನೆಟ್‌ವರ್ಕ್ ಹೋದಾಗ ಜಿಪಿಎಸ್ ಡಿವೈಸ್ ಲೊಕೇಶನ್‌ಗಳನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಒಟ್ಟಿಗೆ ಕಳಿಸುತ್ತೆ. ಸರ್ವರ್ ಅವನ್ನು ಬಂದ ಹೊತ್ತಿನ ಪ್ರಕಾರ ಬರೆದುಕೊಂಡರೆ ಮ್ಯಾಪ್‌ನಲ್ಲಿ ಬಸ್ ಹಿಂದಕ್ಕೆ ಜಿಗಿಯುತ್ತೆ. ಡಿವೈಸ್‌ನ ಸಮಯ ಹಿಡಿದು ಜೋಡಿಸಬೇಕು, ಎರಡೆರಡು ಸಲ ಬಂದದ್ದನ್ನು ತೆಗೆಯಬೇಕು. ನಾಲ್ಕು ದಿನ ಹಿಡೀತು. ಸೇರಿದ ಮೊದಲ ವಾರವೇ ನೋಡಿದೆ, ಟೆಸ್ಟ್‌ಗೆ ನಾನು ಬರೆದ ಕೋಡ್ ಆಗಲೇ ಪ್ರೊಡಕ್ಷನ್‌ನಲ್ಲಿ, ಅಂದ್ರೆ ಅವರ ನಿಜವಾದ ಸೇವೆಯಲ್ಲೇ, ಓಡ್ತಿತ್ತು. ಅವತ್ತೇ ಎದ್ದು ಬರಬೇಕಿತ್ತು.

ವರ್ಷಕ್ಕೆ 12 ಲಕ್ಷ ಕಡಿಮೆ ಸಂಬಳಕ್ಕೆ ಒಪ್ಪಿದ್ದು ‘ಅರ್ಧ ಪರ್ಸೆಂಟ್ ಕಂಪನಿ ನಿಮ್ಮದು’ ಅನ್ನೋ ಫೌಂಡರ್ ಮಾತಿಗೆ. ಒಟ್ಟು ಷೇರು ಎಷ್ಟು ಅಂತ ಕೇಳಿದ್ದಕ್ಕೆ ‘ನಮ್ಮವರೇ ಅಲ್ವಾ, ಲೆಕ್ಕ ಆಮೇಲೆ ನೋಡೋಣ’ ಅಂದ್ರು. ಒಟ್ಟು 10 ಲಕ್ಷ ಷೇರಿದ್ರೆ 5,000 ಅಂದ್ರೆ ಶೇ 0.5. 1 ಕೋಟಿ ಇದ್ರೆ ಶೇ 0.05. ಆ ಒಂದು ಸಂಖ್ಯೆ ಕೊನೆವರೆಗೂ ಕೊಡಲಿಲ್ಲ.

ಹದಿಮೂರನೇ ತಿಂಗಳಲ್ಲಿ ಮೇಲ್ ಹಾಕಿದೆ: ಒಂದು ವರ್ಷ ಮುಗೀತು, ಕಾಲು ಭಾಗ, ಅಂದ್ರೆ 1,250, ವೆಸ್ಟ್ ಆಗಿರಬೇಕಲ್ಲ (ಅಂದ್ರೆ ನಾನು ಕೊಳ್ಳೋ ಹಾಗೆ ನನ್ನ ಹಕ್ಕಾಗಿರಬೇಕಲ್ಲ)? ಮೂರು ದಿನ ಬಿಟ್ಟು ಉತ್ತರ ಬಂತು. ‘ಬೋರ್ಡ್ ಇನ್ನೂ ಗ್ರಾಂಟ್ ಮಾಡಿಲ್ಲ. ವೆಸ್ಟಿಂಗ್ ಶುರುವಾಗೋದು ಗ್ರಾಂಟ್ ಆದ ದಿನದಿಂದ.’ ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. ಗ್ರಾಂಟ್ ಅಂದ್ರೆ ಆಪ್ಷನ್‌ಗಳನ್ನು ಅಧಿಕೃತವಾಗಿ ನನ್ನ ಹೆಸರಿಗೆ ಕೊಡೋದು. ಹದಿಮೂರು ತಿಂಗಳು ದುಡಿದರೂ ಗಡಿಯಾರ ಶುರುವೇ ಆಗಿರಲಿಲ್ಲ! ನಿಯಮವೂ ಹಾಗೇ ಇದೆ: 2014ರ ಕಂಪನಿಗಳ ಷೇರು ಬಂಡವಾಳ ನಿಯಮಗಳ 12ನೇ ನಿಯಮದ ಪ್ರಕಾರ ಗ್ರಾಂಟ್‌ಗೂ ವೆಸ್ಟಿಂಗ್‌ಗೂ ನಡುವೆ ಕನಿಷ್ಠ 1 ವರ್ಷ ಇರಲೇಬೇಕು. ಇದು ಅವರಿಗೆ ಗೊತ್ತಿತ್ತು. ಎದುರು ಕೂತು ಕೇಳಿದಾಗ ‘ಮುಂದಿನ ಫಂಡಿಂಗ್ ಆಗಲಿ, ನೀವು ಕಾಗದದ ಹಿಂದೆ ಬಿದ್ದರೆ ಹೇಗೆ?’ ಅಂದ್ರು. ಕಾಗದದ ಹಿಂದೆ ಬೀಳದೆ ಇದ್ದದ್ದೇ ತಪ್ಪಾಗಿತ್ತು.

ಸೇರೋ ಮೊದಲೇ ಇಷ್ಟು ಬರವಣಿಗೆಯಲ್ಲಿ ತಗೊಳ್ಳಿ: ಷೇರುದಾರರು ಒಪ್ಪಿದ ಇಎಸ್‌ಒಪಿ ಸ್ಕೀಮ್‌ನ ಪ್ರತಿ, ಎಲ್ಲ ಆಪ್ಷನ್‌ಗಳೂ ಸೇರಿ ಒಟ್ಟು ಷೇರು ಎಷ್ಟು, ಗ್ರಾಂಟ್ ಲೆಟರ್ ಯಾವ ತಾರೀಖಿನೊಳಗೆ, ಎಕ್ಸರ್‌ಸೈಸ್ ಬೆಲೆ (ಷೇರು ಕೊಳ್ಳೋಕೆ ನೀವು ಕೊಡಬೇಕಾದ ಬೆಲೆ) ಎಷ್ಟು, ಕೆಲಸ ಬಿಟ್ಟ ಮೇಲೆ ಎಷ್ಟು ದಿನದಲ್ಲಿ ಕೊಳ್ಳಬೇಕು. ಕೊಡಲ್ಲ ಅಂದ್ರೆ ಆಪ್ಷನ್ ಬೇಡ, ಅದರ ದುಡ್ಡನ್ನು ಸಂಬಳದಲ್ಲೇ ಸೇರಿಸಿ ಅನ್ನಿ. ಕನ್ನಡ ಮಾತಾಡಿದ್ರು ಅಂತ ಕರಗಬೇಡಿ.

ರಾಜೀನಾಮೆಗೆ ಬಂದ ಉತ್ತರ ಒಂದೇ ಸಾಲು: ‘ನಿಮಗೆ ಯಾವ ಆಪ್ಷನ್ನೂ ಬಾಕಿ ಇಲ್ಲ.’ ಅದೇ ಹುದ್ದೆಗೆ ಈಗ ಮತ್ತೆ ಜನ ಹುಡುಕ್ತಿದ್ದಾರೆ, ಅದೇ ‘ಅರ್ಧ ಪರ್ಸೆಂಟ್’ ಮಾತು ಹೇಳ್ಕೊಂಡು.